ಆರನೇ ಡಬ್ಬದ ಸೊನ್ನೆ

ಸುಧಾಳಿಗೆ ತಿಳಿದಂತೆ ಅವಳ ಎಂಟು ಡಬ್ಬಗಳಲ್ಲಿ ಏಳು ಸರಿಯಾಗಿ ಕೆಲಸ ಮಾಡುತ್ತಿದ್ದವು. ಆರನೆಯದು ಮಾತ್ರ ಮಧ್ಯಾಹ್ನವಾದರೆ ಸಾಯುತ್ತಿತ್ತು, ಸಂಜೆಯ ಹೊತ್ತಿಗೆ ತಾನಾಗಿಯೇ ಬದುಕುತ್ತಿತ್ತು.

ಡಬ್ಬ ಎಂಬ ಹೆಸರು ಅವಳ ದೊಡ್ಡಪ್ಪ ಸಣ್ಣಬೀರಯ್ಯ ಇಟ್ಟದ್ದು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸಿಳಿದು, ಆಟೋ ಹಿಡಿದು ಕಾಡಿನ ಕಡೆಗೆ ಅರ್ಧ ಗಂಟೆ ಹೋದರೆ ಅವರ ಊರು. ಊರಿನಿಂದ ಕೆಳಗೆ, ಹಳ್ಳದವರೆಗೂ ಇಳಿಜಾರಿನಲ್ಲಿ ಅವರ ಶುಂಠಿ. ಶುಂಠಿಗೆ ನೀರು ಕಮ್ಮಿಯಾದರೆ ಗೆಡ್ಡೆ ಕಟ್ಟುವುದಿಲ್ಲ, ಹೆಚ್ಚಾದರೆ ಕೊಳೆರೋಗ ಬಂದು ಮಡಿಗೆ ಮಡಿಯೇ ಕರಗಿಹೋಗುತ್ತದೆ. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಸುಧಾ, ನೆಲದ ತೇವ ಅಳೆಯುವ ತನ್ನ ಸೆನ್ಸರುಗಳನ್ನು ಪರೀಕ್ಷೆಗೆ ಹೂಳಲು ಬೇರೆಲ್ಲೂ ಹೋಗದೆ ಈ ಹೊಲವನ್ನೇ ಆರಿಸಿಕೊಂಡಿದ್ದಳು.

ಪ್ರತಿ ಡಬ್ಬದ ಕೆಳಗೆ, ಮಣ್ಣಿನಲ್ಲಿ ಹೂತ ಅಂಗೈ ಅಗಲದ ಹಲಗೆ. ಅದರ ಮೇಲೆ ತಾಮ್ರದ ಉಂಗುರಗಳು, ಒಂದರೊಳಗೆ ಒಂದು, ಪ್ರತಿಯೊಂದರಲ್ಲೂ ಒಂದು ಸೀಳು. ತಾಮ್ರದಲ್ಲಿ ಹೊಸದೇನೂ ಇಲ್ಲ. ಆದರೆ ಆ ಆಕಾರದಲ್ಲಿ ಸಾಲಾಗಿ ಕೂರಿಸಿದರೆ, ಭೂಮಿಯಲ್ಲಿ ಅಗೆದು ತೆಗೆಯುವ ಯಾವ ವಸ್ತುವಿಗೂ ಇಲ್ಲದ ಗುಣ ಅದಕ್ಕೆ ಬರುತ್ತದೆ. ಅದಕ್ಕೇ ಮೆಟಾಮೆಟೀರಿಯಲ್ ಎಂಬ ಹೆಸರು. ಮೈಕ್ರೋವೇವ್ ಅಲೆ ಹರಿಸಿದಾಗ ಆ ಉಂಗುರಗಳು ಒಂದೇ ಒಂದು ಸ್ವರಕ್ಕೆ ಮಿಡಿಯುತ್ತವೆ. ಹತ್ತಿರದಲ್ಲಿ ನೀರಿದ್ದಷ್ಟೂ ಸ್ವರ ಇಳಿಯುತ್ತದೆ. ಇದನ್ನು ದೊಡ್ಡಪ್ಪನಿಗೆ ತಿಳಿಸಲು ಅವಳು ಅಡುಗೆಮನೆಯಿಂದ ಹಿತ್ತಾಳೆ ಬಿಂದಿಗೆ ತಂದು, ಸ್ವಲ್ಪ ಸ್ವಲ್ಪವೇ ನೀರು ಹುಯ್ಯುತ್ತ ಬೆರಳಲ್ಲಿ ಬಡಿದು ತೋರಿಸಿದ್ದಳು. ತುಂಬಿದಂತೆಲ್ಲ ನಾದ ಕೆಳಗಿಳಿಯಿತು.

"ಅಂದ್ರೆ ನೆಲದ ತ್ಯಾವ ಕಿವೀಲಿ ಕೇಳ್ತದೆ ಅನ್ನು," ಎಂದಿದ್ದ ಸಣ್ಣಬೀರಯ್ಯ.

ಗುಡ್ಡದ ಮೇಲಿನ ಮೊಬೈಲ್ ಟವರಿನ ಅಲೆಗಳು ಬಂದು ಬೆರೆಯಬಾರದೆಂದು ಅವಳು ಅದೇ ಬಗೆಯ ಉಂಗುರಗಳಿಂದ ಒಂದು ಫಿಲ್ಟರ್ ಕೂಡ ಮಾಡಿ ಪ್ರತಿ ಡಬ್ಬದೊಳಗೆ ಕೂರಿಸಿದ್ದಳು. ಶುಂಠಿ ಮಡಿ ಬಿರುಕು ಬಿಟ್ಟಾಗಿನ ಸ್ವರ ಒಂದು ತುದಿ, ನೀರು ನಿಂತಾಗಿನ ಸ್ವರ ಇನ್ನೊಂದು ತುದಿ. ಆ ನಡುವಿನದಕ್ಕೆ ಮಾತ್ರ ದಾರಿ, ಉಳಿದದ್ದೆಲ್ಲ ಹೊರಗೆ. ಏನೂ ಒಳಗೆ ಬಾರದಿದ್ದರೆ ಡಬ್ಬ ಸೊನ್ನೆ ಬರೆದು ಮೈಸೂರಿಗೆ ಕಳಿಸುತ್ತಿತ್ತು. ಇಷ್ಟು ಚೊಕ್ಕಟವಾದ ಫಿಲ್ಟರನ್ನು ತಮ್ಮ ವಿದ್ಯಾರ್ಥಿಗಳಲ್ಲಿ ಯಾರೂ ಮಾಡಿಲ್ಲ ಎಂದು ಅವಳ ಗೈಡ್ ನಂದಿತಾ ಮೇಡಂ ಹೇಳಿದ್ದರು. ಸುಧಾಳಿಗೆ ಆ ಮಾತು ವಾರಗಟ್ಟಲೆ ಸಿಹಿಯಾಗಿತ್ತು.

ಸೊನ್ನೆ ಬರತೊಡಗಿದ್ದು ಆಯುಧಪೂಜೆಯ ಆಸುಪಾಸಿನಲ್ಲಿ. ದೊಡ್ಡವ್ವ ಚಿಕ್ಕಬೀರಮ್ಮ ಕುಡುಗೋಲು, ಗುದ್ದಲಿ, ಮಗ ನಟರಾಜುವಿನ ಬೈಕಿನ ಜೊತೆಗೆ ಡಬ್ಬಗಳಿಗೂ ಕುಂಕುಮ ಇಟ್ಟು ಬಂದಿದ್ದಳು. ಕುಂಕುಮದ ನೀರು ಒಳಗೆ ಇಳಿದಿರಬಹುದೇ ಎಂದು ಸುಧಾ ಮೊದಲು ಯೋಚಿಸಿದಳು. ಹಾಗಿದ್ದರೆ ಬೆಳಿಗ್ಗೆಯೂ ಕೆಡಬೇಕಿತ್ತಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲ್ಲೋ ಬೆಸುಗೆ ಬಿಡುತ್ತಿದೆ, ತಂಪಾದಾಗ ಕೂಡುತ್ತಿದೆ ಎಂದು ತೀರ್ಮಾನಿಸಿ ದೊಡ್ಡಪ್ಪನಿಗೆ ಫೋನ್ ಮಾಡಿದಳು.

"ನಾನು ಬೆಳಿಗ್ಗೇನೇ ನೋಡ್ಕಂಡು ಬಂದೆ ಕಣವ್ವ. ಹಸ್ರು ದೀಪ ಮಿಟಕ್ತಾ ಕೂತದೆ. ಏನೂ ಆಗಿಲ್ಲ ಅದ್ಕೆ."

"ಬೆಳಿಗ್ಗೆ ಚೆನ್ನಾಗೇ ಇರುತ್ತೆ ದೊಡ್ಡಪ್ಪ. ಕೆಟ್ಟಿರೋವಾಗ್ಲೇ ನೋಡ್ಬೇಕು. ಊಟ ಆದ್ಮೇಲೆ ಒಂದ್ಸಲ ಇಳಿದು ಹೋಗಿ ಬನ್ನಿ. ದೀಪ ಉರೀತಿದೆಯೋ ಇಲ್ವೋ, ಅಷ್ಟು ನೋಡಿದ್ರೆ ಸಾಕು."

"ಆಯ್ತು ಬುಡು, ಓಯ್ತೀನಿ. ಈ ನಾಯಿಗೇನು ಬಂದದೋ, ಅಳ್ಳದ ತಾವ್ಕೆ ನನ್ನ ಜೊತೆ ಬರಾಕೇ ಒಲ್ದು. ಮೇಲಿನ ಬದೀಲೇ ಕುಂತ್ಕಂಡು ಕುಯ್ಯೋ ಅಂತದೆ."

"ಅದಕ್ಕೂ ವಯಸ್ಸಾಯ್ತು," ಎಂದು ಸುಧಾ ನಕ್ಕಳು.

ಮರುದಿನ ಯಾರದೋ ಸಾವಿಗೆಂದು ಸಣ್ಣಬೀರಯ್ಯ ಪಿರಿಯಾಪಟ್ಟಣದ ಕಡೆ ಹೋದ. ಅದರ ಮಾರನೆಯ ದಿನ ಗೊಬ್ಬರ ತರಲು ಹುಣಸೂರಿಗೆ. ಸೊನ್ನೆ ಮಾತ್ರ ತನ್ನ ಹೊತ್ತಿಗೆ ಬರುತ್ತಲೇ ಇತ್ತು.

ಆ ಶುಕ್ರವಾರ ಊಟ ಮುಗಿಸಿ ಲ್ಯಾಬಿಗೆ ಬಂದ ಸುಧಾ ಕೈಯಲ್ಲಿದ್ದ ಹೆಚ್ಚುವರಿ ಹಲಗೆಯೊಂದನ್ನು ಹೊರತೆಗೆದಳು. ಊರಿನಿಂದ ತಂದಿದ್ದ ಮಣ್ಣನ್ನು ತಟ್ಟೆಯಲ್ಲಿ ಹರಡಿ, ಹೊಲದಲ್ಲಿ ಮಾಡಿದಂತೆಯೇ ಹಲಗೆಯನ್ನು ಬೆರಳಿನಷ್ಟು ಆಳದಲ್ಲಿ ಹೂತಳು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದಳು. ಬೆಸುಗೆ ಬಿಡಲಿಲ್ಲ. ಇನ್ನೂ ಬಿಸಿ ಮಾಡಿದಳು. ಪರದೆಯ ಮೇಲಿನ ಗೆರೆ ಚೂರೂ ಅಲುಗಲಿಲ್ಲ. ನೀರು ಹುಯ್ದು ಮಣ್ಣನ್ನು ಕೆಸರು ಮಾಡಿದಳು. ಗೆರೆ ಇಳಿಯಿತು, ಆದರೆ ಫಿಲ್ಟರಿನ ಎಲ್ಲೆ ದಾಟಲಿಲ್ಲ. ಸೊನ್ನೆ ಬರಲಿಲ್ಲ.

ಬೇಸತ್ತು ಮೇಜಿನ ಆಚೆ ಬದಿಯಲ್ಲಿದ್ದ ನೀರಿನ ಬಾಟಲಿಗೆ ಕೈ ಚಾಚಿದಳು. ಆಯ ತಪ್ಪಿ ಇನ್ನೊಂದು ಅಂಗೈ ಕೆಸರಿನ ಮೇಲೆ ಊರಿತು.

ಸೊನ್ನೆ.

ಕೈ ತೆಗೆದಳು. ಗೆರೆ ಮರಳಿತು. ಮತ್ತೆ ಊರಿದಳು. ಸೊನ್ನೆ. ಹಲಗೆಯಿಂದ ಫಿಲ್ಟರನ್ನು ಬಿಚ್ಚಿ ಮೂರನೆಯ ಸಲ ಅಂಗೈ ಊರಿದಾಗ, ಕೆಸರಿಗೆ ಇಳಿದ ಜಾಗಕ್ಕಿಂತ ಎಷ್ಟೋ ಕೆಳಗೆ ಗೆರೆ ಬಿದ್ದಿರುವುದು ಕಂಡಿತು. ಮೈಯೆಂದರೆ ಬಹುಪಾಲು ನೀರು. ಒಣ ಮಣ್ಣಾಗಲಿ, ಒದ್ದೆ ಮಣ್ಣಾಗಲಿ ಆ ಡಬ್ಬದಲ್ಲಿ ಸೊನ್ನೆ ಬರೆಸಲಾರದು. ಬರೆಸುವುದು ಮೈ.

ಕೆಸರು ಮೆತ್ತಿದ ಕೈಯನ್ನು ಹಾಗೇ ಎತ್ತಿ ಹಿಡಿದು ಅವಳು ಸ್ವಲ್ಪ ಹೊತ್ತು ನಿಂತಳು. ದಿನಾ ಬಿಸಿಲೇರಿದಾಗ ಬಂದು ಆರನೇ ಡಬ್ಬದ ಮೇಲೆ ಮಲಗಿ, ತಂಪು ಹೊತ್ತಿಗೆ ಎದ್ದು ಹೋಗುವುದು ಏನು? ದನವಾಗಿದ್ದರೆ ಶುಂಠಿ ತುಳಿದು ಹಾಕಿರುತ್ತಿತ್ತು, ದೊಡ್ಡಪ್ಪ ಮೊದಲೇ ಕೂಗಾಡಿರುತ್ತಿದ್ದ. ಹಂದಿಯಾಗಿದ್ದರೆ ಗೆಡ್ಡೆ ಬಗೆದಿರುತ್ತಿತ್ತು. ಹಳ್ಳದ ಪಕ್ಕದ ಆ ಮಡಿಯಲ್ಲಿ ಶುಂಠಿ ಸೊಂಟದೆತ್ತರ ಬೆಳೆದಿದೆ, ಬಾಳೆಯ ನೆರಳಿದೆ, ನೆಲ ತಂಪಾಗಿದೆ. ನಾಯಿ ಅಲ್ಲಿಗೆ ಇಳಿಯುತ್ತಿಲ್ಲ.

ಅವಳು ಲ್ಯಾಪ್‌ಟಾಪಿನಲ್ಲಿ ಹೊಲದ ಅಂಕಿಗಳ ಪುಟ ತೆರೆದಳು. ಆರನೇ ಡಬ್ಬ ಆಗಲೇ ಸೊನ್ನೆಯಲ್ಲಿತ್ತು.

ದೊಡ್ಡಪ್ಪನ ಫೋನ್ ಎತ್ತಿದ್ದು ದೊಡ್ಡವ್ವ.

"ಫೋನು ಚಾರ್ಜಿಗಾಕಿ ಇಲ್ಲೇ ಬುಟ್ಟು ಓಗವ್ರೆ ಕಣವ್ವ."

"ಎಲ್ಲಿಗೆ ಹೋದ್ರು ದೊಡ್ಡವ್ವ?"

"ಇನ್ನೆಲ್ಲಿಗೆ, ಒಲುಕ್ಕೆ. ನೀನೇ ಅಂದಿದ್ದ್ಯಂತಲ್ಲ, ಉಂಡ್ಮೇಲೆ ಓಗಿ ಡಬ್ಬ ನೋಡಿ ಅಂತ. ಎಲ್ಡು ದಿನ ಆಗ್ನಿಲ್ಲ, ಇವತ್ತು ಮಾತು ಉಳಿಸ್ಕತೀನಿ ಅಂತ ಈಗ ತಾನೇ ಎದ್ದೋದ್ರು."

"ನಟರಾಜಣ್ಣನ್ನ ಓಡಿಸು! ಒಬ್ಬನೇ ಬೇಡ, ಸಿಕ್ಕಿದವರನ್ನೆಲ್ಲ ಕರ್ಕೊಂಡು, ತಟ್ಟೆ, ತಪ್ಪಲೆ, ಏನಾದ್ರೂ ಬಡ್ಕೊಂಡು ಹೋಗೋಕೆ ಹೇಳು!"

"ಯಾಕವ್ವ? ಏನಾತು?"

"ಡಬ್ಬದ ಮೇಲೆ ಏನೋ ಮಲಗಿದೆ ದೊಡ್ಡವ್ವ."

ಅಷ್ಟರಲ್ಲಿ ಪುಟ ಹೊಸದಾಯಿತು. ಆರನೇ ಡಬ್ಬದ ಸಾಲಿನಲ್ಲಿ ಸೊನ್ನೆ ಇರಲಿಲ್ಲ. ಹದವಾದ ತೇವ, ಶುಂಠಿಗೆ ಹೇಳಿ ಮಾಡಿಸಿದಂಥದ್ದು. ಬಿಸಿಲು ಇನ್ನೂ ನೆತ್ತಿಯ ಮೇಲಿರುವಾಗಲೇ ಅದು ಎದ್ದಿತ್ತು.

ಫೋನಿನಲ್ಲಿ ದೊಡ್ಡವ್ವ ಮಗನ ಹೆಸರು ಹಿಡಿದು ಕೂಗುತ್ತ ಬೀದಿಗೆ ಓಡಿದ್ದು ಕೇಳಿಸಿತು. ಆಮೇಲೆ ಪಾತ್ರೆಗಳ ಸದ್ದು. ಆಮೇಲೆ ಕರೆ ಕಡಿಯಿತು.

ಸುಧಾ ಹ್ಯಾಂಡ್‌ಪೋಸ್ಟಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ನಡುದಾರಿಯ ಹಂಪಾಪುರ ಇನ್ನೂ ಸ್ವಲ್ಪ ದೂರವಿರುವಾಗ ಎದುರಿನಿಂದ ಆಂಬುಲೆನ್ಸ್ ಒಂದು ಕೂಗಿಕೊಂಡು ಬಂತು. ಬಸ್ಸು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಪಕ್ಕದ ಸೀಟಿನ ಹೆಂಗಸು ಕೈ ಮುಗಿದಳು. ಸುಧಾ ಕಿಟಕಿಯಿಂದ ತಲೆ ಹೊರಹಾಕಿ ಅದರ ಹಿಂಬಾಗಿಲನ್ನೇ ನೋಡಿದಳು. ಬಿಳಿ ಗಾಜು, ಒಳಗೆ ಯಾರೆಂದು ಕಾಣಲಿಲ್ಲ. ಕಣ್ಣಳತೆಯಿಂದ ಅದು ಮರೆಯಾಗುವ ಹೊತ್ತಿಗೆ ನಟರಾಜು ಫೋನ್ ಮಾಡಿದ.

"ಊರಿಗೋಗ್ಬೇಡ ಸುಧಾ. ನಾವು ಮೈಸೂರಿಗೆ ಬತ್ತಾ ಇದೀವಿ." ಅವನ ದನಿಯ ಹಿಂದೆ ಅದೇ ಸೈರನ್ ಕೂಗುತ್ತಿತ್ತು.

ನಡೆದದ್ದನ್ನು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೇಳಿದ. ಅವನ ಅಂಗಿಯ ಮುಂಭಾಗವೆಲ್ಲ ರಕ್ತ ಒಣಗಿ ಗಟ್ಟಿಯಾಗಿತ್ತು. ಅಪ್ಪ ತಲೆಗೆ ಟವೆಲ್ ಸುತ್ತಿ ಇಳಿದಿದ್ದ. ದೀಪ ನೋಡಲು ಬಗ್ಗಿದ್ದನಂತೆ. ಆಚೆ ಮಡಿಯಿಂದ ಅದು ಎದ್ದದ್ದು ಮೇಲಿನಿಂದ ಓಡಿ ಬರುತ್ತಿದ್ದ ನಟರಾಜುವಿಗೆ ಕಂಡಿತ್ತು.

"ಗರ್ಜನೆಗಿರ್ಜನೆ ಏನಿಲ್ಲ ಕಣ್ ಸುಧಾ. ಸದ್ದೇ ಇಲ್ಲ. ಶುಂಠಿ ಎಲೆ ಅಲ್ಲಾಡ್ತು, ಅಪ್ಪ ಕಾಣ್ನಿಲ್ಲ. ಅಷ್ಟೇಯ. ನಾವೆಲ್ಲಾ ಕಿರುಚ್ಕಂಡು ತಪ್ಪಲೆ ಬಡ್ಕಂಡು ನುಗ್ದೋ. ಬುಟ್ಟು ಅಳ್ಳ ದಾಟ್ತು. ದಾಟಿ ನಿಂತ್ಕಂಡು ತಿರುಗಿ ನೋಡ್ತು."

ಸಣ್ಣಬೀರಯ್ಯನ ಜೀವ ಉಳಿಯಿತು. ಎಡಗೈ ಉಳಿಯಲಿಲ್ಲ.

ಸುಧಾ ಊರಿಗೆ ಹೋದದ್ದು ಆಸ್ಪತ್ರೆಯಲ್ಲಿದ್ದ ದೊಡ್ಡವ್ವನಿಗೆ ಬಟ್ಟೆಬರೆ ತರಲೆಂದು. ಬೀದಿಯಲ್ಲಿ ಅರಣ್ಯ ಇಲಾಖೆಯ ಜೀಪು ನಿಂತಿತ್ತು, ಸುತ್ತ ಜನ. ಎಂಟೂ ಡಬ್ಬಗಳನ್ನು ಯಾರೋ ಕಿತ್ತು ತಂದು ಜಗಲಿಯ ಮೇಲೆ ಎಸೆದಿದ್ದರು. ಒಂದೆರಡರ ಮುಚ್ಚಳ ಒಡೆದಿತ್ತು. ಡಬ್ಬದ ಕರೆಂಟಿಗೇ ಹುಲಿ ಬಂತು ಎಂದು ಗುಂಪಿನಲ್ಲಿ ಒಬ್ಬ ಹೇಳುತ್ತಿದ್ದ, ಹೌದೆನ್ನುವವರೂ ಇದ್ದರು. ಗುಂಪಿನ ನಡುವೆ ನಿಂತಿದ್ದ ರೇಂಜರ್ ಪ್ರಭುಸ್ವಾಮಿ, ಅದು ಎಷ್ಟು ದಿನದಿಂದ ಅಲ್ಲಿ ಮಲಗುತ್ತಿತ್ತು ಎಂದು ಅವಳನ್ನು ಕೇಳಿದ.

"ಆಯುಧಪೂಜೆಯಿಂದ," ಎಂದಳು.

ಪಕ್ಕದ ಮನೆಯ ರಾಣಿ ಮುಂದೆ ಬಂದಳು. ಸುಧಾಳನ್ನು ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದವಳು.

"ಅಂಗಾರೆ ಆಯುಧಪೂಜೆಯಿಂದ್ಲೂ ನಿಂಗೆ ಗೊತ್ತಿತ್ತಾ?"

ಎಲ್ಲರೂ ಸುಧಾಳ ಕಡೆ ತಿರುಗಿದರು.

"ಡಬ್ಬಕ್ಕೆ ಗೊತ್ತಾಗಿತ್ತು ರಾಣಕ್ಕ. ನನಗೆ ಗೊತ್ತಾಗದ ಹಾಗೆ ನಾನೇ ಮಾಡಿಟ್ಟಿದ್ದೆ," ಎಂದಳು ಸುಧಾ. ಯಾರಿಗೂ ಆ ಮಾತು ಅರ್ಥವಾದಂತೆ ಕಾಣಲಿಲ್ಲ. ಅವಳು ಡಬ್ಬಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು, ದೊಡ್ಡವ್ವನ ಸೀರೆಗಳ ಗಂಟು ಹಿಡಿದು ಹೊರಟಳು. ಆಟೋದವರೆಗೆ ಕಳಿಸಲು ಯಾರೂ ಬರಲಿಲ್ಲ.

ಹಳ್ಳದ ದಾರಿಗೆ ಕ್ಯಾಮೆರಾ ಕಟ್ಟಿದರು, ಬೋನು ಇಟ್ಟರು. ವಾರ ಕಳೆಯುವಷ್ಟರಲ್ಲಿ ಹುಲಿ ಬೋನಿಗೆ ಬಿತ್ತು. ಹೆಣ್ಣು ಹುಲಿ. ಲಾರಿಯಲ್ಲಿ ಸಾಗಿಸುವಾಗ ಊರವರು ಪಟಾಕಿ ಹೊಡೆದದ್ದನ್ನು ನಟರಾಜು ವಿಡಿಯೋ ಮಾಡಿ ಕಳಿಸಿದ. ಬಿಟ್ಟಿದ್ದ ಕೆಲಸಗಳು ಮತ್ತೆ ಶುರುವಾದವು. ಹೆಂಗಸರು ಶುಂಠಿಯಲ್ಲಿ ಕಳೆ ತೆಗೆಯಲು ಇಳಿದರು.

ಸುಧಾ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಡಬ್ಬಗಳನ್ನು ಒಂದೊಂದಾಗಿ ತೆರೆಯುತ್ತಿದ್ದಳು. ಬೇರೆ ಏನು ಮಾಡಬೇಕೆಂದು ತಿಳಿಯದೆ ಆ ಕೆಲಸ ಹಿಡಿದಿದ್ದಳು. ಹಳ್ಳದ ಮೂಲೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ. ಏಳನೇ ಮತ್ತು ಎಂಟನೇ ಡಬ್ಬಗಳಿಂದ ಕಾಲೇಜಿಗೆ ತಲುಪುತ್ತಿದ್ದದ್ದು ಅಲ್ಲೊಂದು ಇಲ್ಲೊಂದು ಅಂಕಿ. ಉಳಿದದ್ದೆಲ್ಲ ಡಬ್ಬದೊಳಗಿನ ಮೆಮೊರಿ ಕಾರ್ಡಿನಲ್ಲೇ ಕೂತಿತ್ತು. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಎಂಟನೆಯದನ್ನು ತೆರೆದಳು.

ಅದರಲ್ಲೂ ಸೊನ್ನೆಗಳಿದ್ದವು. ಹುಲಿ ಒಂದೇ ಜಾಗಕ್ಕೆ ಅಂಟಿಕೊಂಡಿರಬೇಕೆಂದೇನೂ ಇಲ್ಲ ಎಂದುಕೊಂಡು, ಆರನೆಯದರ ಪಕ್ಕದಲ್ಲಿಟ್ಟು ಹೊತ್ತು ಹೋಲಿಸಿದಳು. ಅದೇ ದಿನಗಳು. ಅದೇ ಮಧ್ಯಾಹ್ನಗಳು. ಆರನೆಯದು ಸೊನ್ನೆಯಾಗಿದ್ದಾಗಲೇ ಎಂಟನೆಯದೂ ಸೊನ್ನೆ. ಏಳನೆಯದನ್ನು ತೆರೆದಳು. ಕೆಲವು ದಿನ ಅದೂ.

ಒಂದು ಹುಲಿ ಮೂರು ಕಡೆ ಮಲಗಲಾರದು.

ಹೇಳಿದರೆ ಊರು ಏನೆನ್ನುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಡಬ್ಬದವಳು ಮತ್ತೆ ಬಂದಳು ಎನ್ನುತ್ತಾರೆ. ಬೇರೆ ಕಾರಣವೂ ಇರಬಹುದಲ್ಲ ಎಂದು ಮನಸ್ಸು ದಾರಿ ಹುಡುಕಿತು. ಹಸಿ ಶುಂಠಿಯ ರಾಶಿ ಒರಗಿದ್ದಿರಬಹುದು, ಇಲ್ಲವೇ ನಿಜವಾಗಿಯೂ ಎಲ್ಲೋ ಬೆಸುಗೆ ಬಿಟ್ಟಿರಬಹುದು. ಬೆಸುಗೆ ಎಂಬ ಮಾತು ತಲೆಗೆ ಬಂದದ್ದೇ ತಡ, ಅವಳು ಎದ್ದು ನಿಂತು ಪ್ರಭುಸ್ವಾಮಿಗೆ ಫೋನ್ ಮಾಡಿದಳು.

ಅವನು ಪೂರ್ತಿ ಕೇಳಿಸಿಕೊಂಡ.

"ಹೆಣ್ಣು ಅಂತ ಗೊತ್ತಾದಾಗಲೇ ನನಗೂ ಒಂದು ಅನುಮಾನ ಇತ್ತು ಮೇಡಂ. ಆದ್ರೆ ಕ್ಯಾಮೆರಾದಲ್ಲಿ ಮರಿ ಬಿದ್ದಿಲ್ಲ."

"ಕ್ಯಾಮೆರಾ ಇರೋದು ಹಳ್ಳ ದಾಟೋ ಕಡೆ ಸರ್. ಅವು ಹಳ್ಳ ದಾಟಿಲ್ಲ ಅಂದ್ರೆ?"

"ನಿಮ್ಮ ಹೊಲದಲ್ಲಿ ಈಗ ಯಾರಾದ್ರೂ ಇದಾರಾ?" ಎಂದ ಅವನು.

ಸುಧಾಳ ಫೋನ್ ಬಂದೊಡನೆ ನಟರಾಜು ಮೇಲಿನ ಬದುವಿನಲ್ಲಿ ನಿಂತು ಕೂಗಿ ಹೆಂಗಸರನ್ನು ಹತ್ತಿಸಿದ. ಯಾಕೆಂದು ಹೇಳಲಿಲ್ಲ, ರೇಂಜರ್ ಕರೆಯುತ್ತಿದ್ದಾರೆ ಎಂದಷ್ಟೇ ಹೇಳಿದ. ಅರ್ಧಕ್ಕೆ ಕೆಲಸ ಬಿಡಿಸಿದ್ದಕ್ಕೆ ರಾಣಿ ಅವನನ್ನು ಬೈಯುತ್ತಲೇ ಹತ್ತಿ ಬಂದಳು. ಬಂದೂಕು ಹಿಡಿದ ಸಿಬ್ಬಂದಿಯೊಡನೆ ಪ್ರಭುಸ್ವಾಮಿ ಎಂಟನೇ ಡಬ್ಬವಿದ್ದ ಮೂಲೆಗೆ ಇಳಿದಾಗ, ಲಂಟಾನದ ಪೊದೆಗೆ ಒತ್ತಿಕೊಂಡಂತೆ ಶುಂಠಿ ಮಲಗಿತ್ತು. ತುಳಿದದ್ದಲ್ಲ, ಮೈಯ ಭಾರಕ್ಕೆ ಚಪ್ಪಟೆಯಾದದ್ದು. ಅಲ್ಲೊಂದು ಮೇಕೆಯ ಕಾಲು, ಇನ್ನೂ ಹಸಿಯದು. ಸುತ್ತಲಿನ ಕೆಸರಿನಲ್ಲಿ ಅಂಗೈಗಿಂತ ಕೊಂಚ ಚಿಕ್ಕ ಹೆಜ್ಜೆಗಳು, ಎರಡು ಬಗೆಯವು. ಅವುಗಳೊಳಗೆ ನೀರು ಆಗ ತಾನೇ ಜಿನುಗಿ ತುಂಬುತ್ತಿತ್ತು.

ಹೆಂಗಸರು ತಮ್ಮ ಬುತ್ತಿಯ ಚೀಲಗಳನ್ನು ತೂಗುಹಾಕಿದ್ದ ಬಾಳೆಗಿಡ ಅಲ್ಲಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ರಾಣಿ ತನ್ನ ಚೀಲವನ್ನು ತರಲು ಹೋಗಲೇ ಇಲ್ಲ.

ಸಾಕಾನೆಗಳು ಬಂದವು. ಡ್ರೋನ್ ಹಾರಿತು. ಹಳ್ಳದ ಎರಡೂ ದಂಡೆ, ಬಾಳೆ ತೋಟ, ಆಚೆಯ ಹತ್ತಿ ಹೊಲ ಎಲ್ಲವನ್ನೂ ಜಾಲಾಡಿದರು. ಮರಿಗಳು ಸಿಗಲಿಲ್ಲ. ವರ್ಷ ತುಂಬಿರಬಹುದು, ಸಾಕಷ್ಟು ದೊಡ್ಡವೇ, ಇನ್ನೂ ಬೇಟೆ ಪೂರ್ತಿ ಕಲಿತಿರುವುದಿಲ್ಲ ಎಂದು ಪ್ರಭುಸ್ವಾಮಿ ಹೇಳಿದ. ಕಾಡು ಸೇರಿರಬಹುದು ಎಂದೂ ಹೇಳಿದ, ಆದರೆ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ಸುಧಾ ಫಿಲ್ಟರ್ ಇಲ್ಲದ ಹಲಗೆಗಳನ್ನು ಮಾಡಿದಳು. ಟವರಿನ ಗದ್ದಲವೆಲ್ಲ ಒಳಗೆ ನುಗ್ಗಿ ಗೆರೆಗಳು ಹುಚ್ಚುಹುಚ್ಚಾಗಿ ಕುಣಿದವು. ಅದರೊಳಗಿನಿಂದ ಮೈ ಯಾವುದು, ಗದ್ದಲ ಯಾವುದು ಎಂದು ಹೆಕ್ಕುವುದರಲ್ಲಿ ಕಣ್ಣು ನೋಯುತ್ತಿತ್ತು. ಶುಂಠಿಯ ತೇವ ಅಳೆಯುವ ಕೆಲಸ ಅಲ್ಲಿಗೇ ನಿಂತಿತು. ಪ್ರಭುಸ್ವಾಮಿಯ ಕಾವಲುಗಾರರು ಆ ಹಲಗೆಗಳನ್ನು ಹಳ್ಳದುದ್ದಕ್ಕೂ ಹೂತರು. ಈ ಸಲ ಅವನ್ನು ಕೀಳಲು ಯಾರೂ ಹೋಗಲಿಲ್ಲ. ಅಲ್ಲಿಗೆ ಇಳಿಯುವ ಧೈರ್ಯವೇ ಯಾರಿಗೂ ಇರಲಿಲ್ಲ. ಕೆಳಗಿನ ಮಡಿಗಳ ಶುಂಠಿ ಕೀಳದೆ ಹಾಗೇ ಉಳಿಯಿತು.

ಸಣ್ಣಬೀರಯ್ಯನನ್ನು ಮನೆಗೆ ಕರೆತಂದ ದಿನ ಸುಧಾ ಜೊತೆಗೆ ಬಂದಳು. ಅವನು ಜಗಲಿಯ ಕಂಬಕ್ಕೆ ಒರಗಿ ಕೂತ. ಖಾಲಿ ತೋಳನ್ನು ದೊಡ್ಡವ್ವ ಮಡಿಸಿ ಪಿನ್ನು ಹಾಕಿದ್ದಳು. ನೋಡಲು ಬಂದವರೆಲ್ಲ ಕಾಫಿ ಕುಡಿದು, ಬೆಳಕಿರುವಾಗಲೇ ಅವಸರವಸರವಾಗಿ ಎದ್ದು ಹೋದರು. ಇಬ್ಬರೇ ಉಳಿದಾಗ ಸುಧಾ, ಇಷ್ಟು ದಿನ ಹೇಳದೆ ಉಳಿದಿದ್ದುದನ್ನು ಹೇಳಿದಳು.

"ಮಧ್ಯಾಹ್ನ ಹೋಗಿ ಅಂತ ನಾನೇ ಅಂದಿದ್ದು ದೊಡ್ಡಪ್ಪ."

"ಊಂ. ನೀನೇ ಅಂದಿದ್ದು," ಎಂದ ಸಣ್ಣಬೀರಯ್ಯ.

ಇನ್ನೇನಾದರೂ ಹೇಳುತ್ತಾನೆಂದು ಅವಳು ಕಾದಳು. ಅವನು ಹಳ್ಳದ ಕಡೆಗೇ ನೋಡುತ್ತಿದ್ದ. ಇಲ್ಲಿಂದ ಹಳ್ಳ ಕಾಣುವುದಿಲ್ಲ, ಬಾಳೆಯ ತುದಿಗಳಷ್ಟೇ ಕಾಣುತ್ತವೆ.

"ತಾಯ್ನ ಹಿಡ್ದು ಒತ್ಕಂಡ್ ಓದ್ರು. ಅವೆಲ್ಡು ಈಗ ಏನ್ ತಿಂದಾವು, ಹೇಳವ್ವ?"

ಒಳಗಿನಿಂದ ಬಂದ ಚಿಕ್ಕಬೀರಮ್ಮ ಕೊಟ್ಟಿಗೆಯ ಕರುವನ್ನು ಹಗ್ಗ ಹಿಡಿದು ಎಳೆದುಕೊಂಡು ಹೊಸಿಲು ದಾಟಿಸಿದಳು. ಅದು ಒಲ್ಲೆನೆಂದು ನಡುಮನೆಯಲ್ಲಿ ಕಾಲೂರಿ ನಿಂತಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಆಗಲೇ ಬೀದಿಯ ಆ ತುದಿಯಿಂದ ಅಗುಳಿ ಹಾಕುವ ಸದ್ದು ಕೇಳಿಸತೊಡಗಿತು, ಒಂದು ಮನೆ ಆದ ಮೇಲೆ ಇನ್ನೊಂದು ಮನೆ.

"ಏಳಿ ಒಳಿಕ್ಕೆ," ಎಂದು ದೊಡ್ಡವ್ವ ಗಂಡನ ಉಳಿದ ಕೈಯನ್ನು ಹಿಡಿದಳು. "ನೀನೂ ಬಾರವ್ವ. ಬಾಗ್ಲಾಕ್ತೀನಿ."